ಕೆಪ್ಪ ಜೋಗಕ್ಕೆ ನಡೆದು ಹೋದದ್ದು

ಹನ್ನೊಂದು ವರ್ಷದ ಹಿಂದೆ ಉಂಚಳ್ಳಿ ಜಲಪಾತ ನೋಡಲು ಹೋಗಿ, ಅದನ್ನು ನೋಡದೆ ವಾಪಸ್ ಬಂದಿದ್ದೆ. 2013ರ ಜುಲೈ. ಬ್ಯಾಂಕಿನ ಆರು ಜನ, ಒಂದು ಬಾಡಿಗೆ ವ್ಯಾನು. ಕೊಡೆ ಹಿಡಿದು, ಜಾರುವ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಕಂಬಿಯ ಹತ್ತಿರ ನಿಂತೆವು. ಎದುರಿಗೆ ಬರೀ ಬಿಳಿ. ಹಾಲಿನ ಪಾತ್ರೆಯೊಳಗೆ ತಲೆ ಹಾಕಿದ ಹಾಗೆ. ಐದು ನಿಮಿಷ ಕಾದೆವು, ಹತ್ತು ನಿಮಿಷ ಕಾದೆವು, ಮಂಜು ಸರಿಯಲಿಲ್ಲ. ಸದ್ದು ಮಾತ್ರ ಇತ್ತು. ಎಂಥ ಸದ್ದು ಅಂದರೆ ಪಕ್ಕದಲ್ಲಿದ್ದವರ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನಮ್ಮ ಕ್ಯಾಷಿಯರ್ ಒಬ್ಬರು ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಫೋಟೋ ಸಿಗಲ್ಲ, ರೆಕಾರ್ಡಾದ್ರೂ ಮಾಡ್ಕೊಳ್ಳಿ" ಅಂತ ಕೂಗಿದರು. ಮಾಡಿಕೊಂಡೆ. ಮನೆಗೆ ಬಂದು ಕೇಳಿದರೆ ಕೆಟ್ಟುಹೋದ ರೇಡಿಯೋದ ಹಾಗೆ ಗರ್ ಅಂತಿತ್ತು.

ಊರಿನವರು ಇದನ್ನು ಕೆಪ್ಪ ಜೋಗ ಅನ್ನುತ್ತಾರೆ. ಕೆಪ್ಪ ಅಂದರೆ ಕಿವುಡ. ಪಾಪ, ಜೋಗಕ್ಕೆ ಕಿವಿ ಚೆನ್ನಾಗಿಯೇ ಇದೆ, ಅದರ ಮುಂದೆ ನಿಂತವರಿಗೆ ಕಿವಿ ಹೋಗುತ್ತದೆ. ಅಷ್ಟೇ ವ್ಯತ್ಯಾಸ.

ಆ ಸಲ ವಾಪಸ್ ಹೋಗುವಾಗ ಸೋದರಮಾವನ ಮನೆಯಲ್ಲಿ ಚಹಾಕ್ಕೆ ನಿಂತಿದ್ದೆವು. ಮಾವನ ಮನೆ ಇರುವುದು ಹೆಗ್ಗರಣಿಯಿಂದ ಸ್ವಲ್ಪ ಒಳಗೆ. ಸಿದ್ದಾಪುರ ತಾಲೂಕು, ಉತ್ತರ ಕನ್ನಡ. ನಾನು ಕತೆ ಹೇಳಿದ್ದಕ್ಕೆ ಮಾವ ಎಲೆಅಡಿಕೆಯ ಕವಳ ಜಗಿಯುತ್ತಾ ನಕ್ಕ. "ವ್ಯಾನಲ್ಲಿ ಬಂದು ವ್ಯಾನಲ್ಲಿ ಹೋದ್ರೆ ಜೋಗ ಮುಖ ತೋರ್ಸ್ತಿಲ್ಲೆ ತಂಗಿ. ಚಳಿಗಾಲದಲ್ಲಿ ಬಾ. ನಡೆಸ್ಕಂಡು ಹೋಗ್ತೆ." ಬರುತ್ತೇನೆ ಅಂದೆ. ಹಾಗೆ ಅಂದು ಹನ್ನೊಂದು ಚಳಿಗಾಲ ಕಳೆದವು. ಮಧ್ಯೆ ಎರಡು ವರ್ಗಾವಣೆ, ಒಂದು ಗೃಹಪ್ರವೇಶ, ಅಮ್ಮನ ಕಾಯಿಲೆ. ಮಾವನಿಗೆ 73 ಆಯಿತು. ಹೋದ ದೀಪಾವಳಿಗೆ ಫೋನಿನಲ್ಲಿ ಮಾವನೇ, "ಇನ್ನು ತಡ ಮಾಡಿದ್ರೆ ನೀನೇ ಯನ್ನ ನಡೆಸ್ಕಂಡು ಹೋಗವು" ಅಂದ. ಆಗ ರಜೆ ಹಾಕಿದೆ.

2024ರ ಡಿಸೆಂಬರ್ ಒಂದನೇ ತಾರೀಕು, ಭಾನುವಾರ. ಬೆಳಗ್ಗೆ ಆರೂವರೆಗೆ ಅತ್ತೆ ತೆಳ್ಳೇವು ಎರೆಯುತ್ತಿದ್ದಳು. ಜೊತೆಗೆ ಜೋನಿಬೆಲ್ಲ. ತಿನ್ನುತ್ತಾ ಗೋಡೆಯ ಕ್ಯಾಲೆಂಡರ್ ನೋಡಿದೆ. ಪ್ರತಿ ತಿಂಗಳ ಒಂದನೇ ತಾರೀಕಿನ ಚೌಕದಲ್ಲಿ ಪೆನ್ಸಿಲಿನಲ್ಲಿ ಒಂದು ಸಂಖ್ಯೆ. ಪುಟ ಹಿಂದೆ ಹಿಂದೆ ತಿರುವಿದೆ. ನವೆಂಬರಿಗೆ 11. ಆಗಸ್ಟಿಗೆ 5. ಮೇ ತಿಂಗಳಿಗೆ 80. ಹಾಲಿನ ಲೆಕ್ಕ ಇರಬೇಕು ಅಂದುಕೊಂಡೆ. ಬ್ಯಾಂಕಿನವಳು ನೋಡಿ, ಸಂಖ್ಯೆ ಕಂಡರೆ ಬಿಡುವವಳಲ್ಲ. ಆದರೆ ಒಂದು ತಿಂಗಳು ಐದು ಲೀಟರ್, ಇನ್ನೊಂದು ತಿಂಗಳು ಎಂಬತ್ತು ಲೀಟರ್ ಕೊಡುವ ಹಸು ಯಾವುದು? ಕೇಳುವಷ್ಟರಲ್ಲಿ ಮಾವ ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಕವಳದ ಸಂಚಿ ಕಟ್ಟಿಕೊಂಡು ಅಂಗಳಕ್ಕೆ ಇಳಿದಾಗಿತ್ತು.

ಹೆಗ್ಗರಣಿಯಿಂದ ಜಲಪಾತಕ್ಕೆ ಐದು ಕಿಲೋಮೀಟರಿನಷ್ಟು ದೂರ. ಈಗ ರಸ್ತೆ ಇದೆ, ಗಾಡಿ ಹತ್ತಿರದವರೆಗೂ ಹೋಗುತ್ತದೆ. ನಾವು ಹಿಡಿದದ್ದು ಕಾನಿನ ಒಳಗಿನ ಹಳೇ ಕಾಲುದಾರಿ, ಸುತ್ತುಬಳಸಿನದು. ಹಿಂದಿನ ದಿನವೇ ಅರಣ್ಯದ ವಾಚರಿಗೆ ಹೇಳಿ ಒಪ್ಪಿಗೆ ತೆಗೆದುಕೊಂಡಿದ್ದ ಮಾವ. ಅಘನಾಶಿನಿ ಕಣಿವೆಯ ಕಾಡಿನ ದೊಡ್ಡ ಭಾಗ 2019ರಲ್ಲಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿಹೋಗಿದೆ. ಅದಕ್ಕೇ ಹೇಳುತ್ತಿದ್ದೇನೆ, ಇದನ್ನು ಓದಿ ಯಾರೂ ಸುಮ್ನೆ ಕಾಡಿಗೆ ನುಗ್ಗಬೇಡಿ. ಊರಿನವರ ಜೊತೆ ಇಲ್ಲದೆ ಈ ಕಾನಿನಲ್ಲಿ ನನಗಂತೂ ಹತ್ತು ನಿಮಿಷದಲ್ಲಿ ದಿಕ್ಕು ತಪ್ಪುತ್ತಿತ್ತು.

ಮೊದಲ ಅರ್ಧ ಗಂಟೆ ಕಾಡೇ ಅಲ್ಲ, ಬೆಟ್ಟ. ನಮ್ಮ ಕಡೆ ಬೆಟ್ಟ ಅಂದರೆ ಗುಡ್ಡ ಅಂತ ಅಲ್ಲ, ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಜಾಗ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟಿದ್ದರು. ಮತ್ತಿ, ಹೊನ್ನೆ, ನಂದಿ. ಎಲ್ಲ ಮರಗಳ ಕೈ ಕಡಿದು ಕಡಿದು ಗಂಟು ಬಿದ್ದಿವೆ. ಮೇಲಿಂದ ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ಕಾಲಡಿಯಲ್ಲಿ ದರಕು ಚರಚರ ಅನ್ನುತ್ತದೆ. ಮಾವನ ನಾಯಿ ಕಾಳ ಮುಂದೆ ಮುಂದೆ ಓಡುತ್ತಿತ್ತು.

ಆಮೇಲೆ ಅಕೇಶಿಯಾ. ಸಾಲುಸಾಲು, ಶಾಲೆಯ ಪ್ರಾರ್ಥನೆಗೆ ನಿಂತ ಹುಡುಗರ ಹಾಗೆ. ಅದರ ಕೆಳಗೆ ಬೇರೆ ಗಿಡವೇ ಇಲ್ಲ ಅನ್ನಬೇಕು. ಕಂದು ಎಲೆಗಳ ಒಂದು ಚಾಪೆ, ಅಷ್ಟೇ. ಹಕ್ಕಿಯ ಸದ್ದೂ ಇಲ್ಲ. ಮಾವ ಅಲ್ಲಿ ಏನೂ ಮಾತಾಡಲಿಲ್ಲ, ಸ್ವಲ್ಪ ಜೋರಾಗಿ ನಡೆದ.

ಕಾನು ಎಲ್ಲಿ ಶುರುವಾಗುತ್ತದೆ ಅಂತ ನನಗೆ ಯಾರೂ ಹೇಳಬೇಕಾಗಲಿಲ್ಲ. ಮೈಗೇ ಗೊತ್ತಾಯಿತು. ಬಾವಿಮನೆಯೊಳಗೆ ಕಾಲಿಟ್ಟಾಗ ಆಗುತ್ತಲ್ಲ, ಆ ತರಹದ ತಂಪು. ಮತ್ತೆ ಕತ್ತಲೆ. ಬೆಳಗಿನ ಎಂಟು ಗಂಟೆಗೆ ಸಂಜೆ ಆರೂವರೆ ಆದ ಹಾಗೆ. ಇಲ್ಲಿಂದ ತುಸು ದೂರದಲ್ಲಿ, ಶರಾವತಿಯ ಕಡೆ, ಕತ್ತಲೆಕಾನು ಅಂತಲೇ ಹೆಸರಿರುವ ಕಾಡಿದೆ. ಆ ಹೆಸರಿಟ್ಟವರು ಜಾಸ್ತಿ ಯೋಚನೆ ಮಾಡಿರಲಿಕ್ಕಿಲ್ಲ. ಒಳಗೆ ಹೋದರು, ಕತ್ತಲೆ ಇತ್ತು, ಹೆಸರಾಯಿತು.

ಕಾನಿನ ಬಾಗಿಲಲ್ಲಿ ಒಂದು ಕಲ್ಲು. ಚೌಡಿ ಅಂದ ಮಾವ. ಚಪ್ಪಲಿ ಬಿಟ್ಟು, ಪಕ್ಕದ ಗಿಡದಿಂದ ಒಂದು ಹಸಿರೆಲೆ ಕಿತ್ತು ಕಲ್ಲಿನ ಮೇಲಿಟ್ಟ. ಅಲ್ಲಿ ಆಗಲೇ ಏಳೆಂಟು ಎಲೆ ಒಣಗಿ ಬಿದ್ದಿದ್ದವು. ಕಾಳ ಅಲ್ಲೇ ಕೂತಿತು. ಕರೆದರೂ ಬರಲಿಲ್ಲ. "ಅದು ಇಲ್ಲಿಂದ ಮುಂದೆ ಬತ್ತಿಲ್ಲೆ" ಅಂದ ಮಾವ. ಯಾಕೆ ಅಂದರೆ ಗೊತ್ತಿಲ್ಲ ಅಂದ.

ಕಾನು ಅಂದರೆ ಬರೀ ಕಾಡಲ್ಲ. ಊರುಗಳು ಕೊಡಲಿ ಹಾಕದೆ ಉಳಿಸಿಕೊಂಡು ಬಂದ ಕಾಡು. ದೇವರದ್ದೂ ಹೌದು, ಮೆಣಸಿನದ್ದೂ ಹೌದು. ಕಾಳುಮೆಣಸು ಇಂಥ ಕಾನುಗಳಲ್ಲೇ ಮರಕ್ಕೆ ಹಬ್ಬಿ ಬೆಳೆಯುತ್ತಿತ್ತು. ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದದ್ದು ಸುಮ್ನೆ ಅಲ್ಲ. ಮಾವ ಒಂದು ದಪ್ಪ ಮರದ ಬುಡ ತೋರಿಸಿದ. ಅದರ ಮೇಲೆ ನನ್ನ ಮಣಿಕಟ್ಟಿನಷ್ಟು ದಪ್ಪದ ಮೆಣಸಿನ ಬಳ್ಳಿ. ಎಲ್ಲಿಯವರೆಗೆ ಹೋಗಿದೆ ಅಂತ ಕುತ್ತಿಗೆ ನೋಯುವಷ್ಟು ನೋಡಿದೆ. ತುದಿ ಕಾಣಲಿಲ್ಲ.

ಮರಗಳ ಹೆಸರು ಮಾವ ಹೇಳುತ್ತಾ ಹೋದ, ನಾನು ಮರೆಯುತ್ತಾ ಹೋದೆ. ಧೂಪ, ಉಪ್ಪಾಗೆ, ಸುರಹೊನ್ನೆ, ಬೈನೆ. ಉಪ್ಪಾಗೆ ಹತ್ತಿರ ಮಾತ್ರ ನಿಂತ. ಬೀಜದಿಂದ ತುಪ್ಪ, ಸಿಪ್ಪೆಯಿಂದ ಹುಳಿ, ಅಷ್ಟೇ ಆಗಿದ್ದ ಮರ ಇದು. ತೊಂಬತ್ತರ ದಶಕದಲ್ಲಿ ಇದರ ಸಿಪ್ಪೆಗೆ ಹೊರದೇಶದಲ್ಲಿ ಬೇಡಿಕೆ ಬಂತು, ತೂಕ ಇಳಿಸುವ ಔಷಧಿಗೆ. ಆಗ ಜನ ಹಣ್ಣಿಗೋಸ್ಕರ ಟೊಂಗೆಗಳನ್ನೇ ಕಡಿದರು. ಮಳೆಗಾಲದ ಹಣ್ಣು, ಬಿಸಿಲಿಗೆ ಒಣಗುವುದಿಲ್ಲ, ಒಲೆ ಹೂಡಿ ಒಣಗಿಸಬೇಕು. ಅದಕ್ಕೆ ಮತ್ತೆ ಕಟ್ಟಿಗೆ. ಎಲ್ಲೋ ಯಾರೋ ಸಣ್ಣಗಾಗಲಿ ಅಂತ ಇಲ್ಲಿ ಕಾಡು ಸಣ್ಣಗಾಯಿತು. "ಯಾರಾದ್ರೂ ಸಪೂರ ಆದ್ವನ?" ಅಂತ ಮಾವ ನನ್ನನ್ನೇ ಕೇಳಿದ. ನಾನು ನನ್ನ ಹೊಟ್ಟೆ ನೋಡಿಕೊಂಡು ಸುಮ್ಮನಾದೆ.

ಮೇಲೆ ಎಲ್ಲೋ ಟೊಂಗೆ ಅಲುಗಿತು. ಗಾಳಿ ಇರಲಿಲ್ಲ. ಮಾವ ಕೈ ಎತ್ತಿ ನಿಲ್ಲಿಸಿದ. ಎಲೆಗಳ ಮಧ್ಯೆ ಕರಿ ಮೈ, ಸುತ್ತ ಬೂದು ಕೇಸರ, ಮಧ್ಯೆ ಒಂದು ಮುಖ. ಸಿಂಗಳೀಕ. ಎರಡು ಸೆಕೆಂಡ್ ನಮ್ಮನ್ನು ನೋಡಿತು. ಆಮೇಲೆ ಇಲ್ಲ. ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದ ಬೇರೆ ಯಾವ ಕಾಡಿನಲ್ಲೂ ಇರದ ಪ್ರಾಣಿ. ಘಟ್ಟದಲ್ಲೂ ಈ ಅಘನಾಶಿನಿ ಕಣಿವೆಯೇ ಅದರ ಉತ್ತರದ ಗಡಿ. ಅದು ನೆಲಕ್ಕಿಳಿಯುವುದು ಕಡಿಮೆ. ಮರದಿಂದ ಮರಕ್ಕೆ ಟೊಂಗೆ ಸಿಗಬೇಕು, ವರ್ಷವಿಡೀ ಯಾವುದಾದರೂ ಒಂದು ಮರದಲ್ಲಿ ಹಣ್ಣಿರಬೇಕು. ಅಕೇಶಿಯಾದ ಸಾಲು ಅದರ ಪಾಲಿಗೆ ಊಟವಿಲ್ಲದ ಹೋಟೆಲು.

ಇಷ್ಟು ಹೊತ್ತಿಗೆ ನನಗೆ ಅವಸರ ಶುರುವಾಗಿತ್ತು. ನಿಜ ಹೇಳಬೇಕು, ಕಾಡು ಚೆನ್ನಾಗಿಯೇ ಇತ್ತು, ಆದರೆ ನಾನು ಬಂದದ್ದು ಜೋಗಕ್ಕೆ. ಹನ್ನೊಂದು ವರ್ಷದ ಬಾಕಿ ವಸೂಲು ಮಾಡಬೇಕಿತ್ತು. ಮಾವನನ್ನು ದಾಟಿ ಮುಂದೆ ನಡೆದೆ. ದಾರಿ ಇಳಿಜಾರಾಯಿತು. ನೆಲ ಕಪ್ಪಾಯಿತು. "ಅಲ್ಲಿ ಕಾಲಿಡಡ ತಂಗಿ" ಅನ್ನುವುದು ಕೇಳಿದ್ದಕ್ಕೂ ಬಲಗಾಲು ಮೊಣಕಾಲವರೆಗೆ ಒಳಗೆ ಹೋಗಿದ್ದಕ್ಕೂ ಸರಿಹೋಯಿತು.

ಕಾಲು ಬಂತು. ಶೂ ಬರಲಿಲ್ಲ. ಇದಕ್ಕೋಸ್ಕರವೇ ಹುಬ್ಬಳ್ಳಿಯಲ್ಲಿ ಕೊಂಡ ಶೂ, ಕಾಡು ಮೇಡು ಎಲ್ಲಕ್ಕೂ ಆಗುತ್ತದೆ ಅಂತ ಅಂಗಡಿ ಹುಡುಗ ಆಣೆ ಮಾಡಿದ್ದ. ಮಾವ ತನ್ನ ಹವಾಯಿ ಚಪ್ಪಲಿ ದಡದಲ್ಲಿ ಬಿಟ್ಟು, ಬೇರುಗಳ ಮೇಲೆ ಬರಿಗಾಲಿನಲ್ಲಿ ಹೆಜ್ಜೆ ಇಡುತ್ತಾ ಬಂದ. ಒಂದು ಕೋಲು ಕಡಿದು ಕೆಸರಲ್ಲಿ ತಡಕಿದ. ಶೂ ಮೇಲೆ ಬರುವಾಗ 'ಪ್ಚಕ್' ಅಂತ ಸದ್ದಾಯಿತು. ಒಳಗಿದ್ದ ನೀರು ಸುರಿದು ನನ್ನ ಕೈಗೆ ಕೊಟ್ಟ. ಏನೂ ಬೈಯಲಿಲ್ಲ. "ಬಂದದ್ದಾತು, ಕೂತ್ಕ" ಅಂದ.

ಕೂತೆ. ಆಮೇಲೆ ಅಲ್ಲಿಂದ ಏಳಲು ಮುಕ್ಕಾಲು ಗಂಟೆ ಆಯಿತು.

ಅದು ಜಡ್ಡಿ. ರಾಂಪತ್ರೆ ಜಡ್ಡಿ. ಎರಡು ಗುಡ್ಡದ ಸಂದಿಯ ತಗ್ಗು, ನೀರು ಹರಿಯುತ್ತಲೂ ಇಲ್ಲ, ನಿಂತೂ ಇಲ್ಲ. ಸೋರುತ್ತಿದೆ ಅನ್ನಬೇಕು. ಮರಗಳೆಲ್ಲ ಕೆಸರಿನಲ್ಲೇ ನಿಂತಿವೆ, ನೆಟ್ಟಗೆ, ಎತ್ತರಕ್ಕೆ. ಅವುಗಳ ಸುತ್ತ ನೆಲದಿಂದ ಬೇರುಗಳು ಮೇಲೆದ್ದು, ಬಾಗಿ, ಮತ್ತೆ ನೆಲಕ್ಕೆ ಇಳಿದಿವೆ. ನೂರಾರು. ಯಾರೋ ಸಂತೆಯ ಕೊಡೆಗಳನ್ನೆಲ್ಲ ತಲೆಕೆಳಗಾಗಿ ಕೆಸರಲ್ಲಿ ಹೂತು ಹಿಡಿಕೆ ಮಾತ್ರ ಮೇಲೆ ಬಿಟ್ಟ ಹಾಗೆ. ಮಂಡಿ ಬೇರು ಅನ್ನುತ್ತಾರೆ, ಮಡಚಿದ ಮಂಡಿಯ ಹಾಗೆ ಇರುವುದರಿಂದ. ಕೆಸರಿನೊಳಗೆ ಗಾಳಿ ಇಲ್ಲ. ಉಸಿರಾಡಲು ಬೇರಿಗೆ ಮೇಲೆ ಬರಲೇಬೇಕು. ಒಂದು ಬೇರನ್ನು ಮುಟ್ಟಿ ನೋಡಿದೆ. ಒದ್ದೆ ಕಾರ್ಕಿನ ಹಾಗೆ ಇತ್ತು. ಸಣ್ಣ ಸಣ್ಣ ಚುಕ್ಕೆಗಳು ಕೈಗೆ ಸಿಗುತ್ತಿದ್ದವು.

ರಾಂಪತ್ರೆ ಅಂದರೆ ಜಾಯಿಕಾಯಿಯ ದಾಯಾದಿ. ಬಹಳ ಹಳೆಯ ವಂಶ. ಹೂ ಬಿಡುವ ಮರಗಳಲ್ಲಿ ಇಷ್ಟು ಹಳಬರು ಕಡಿಮೆ. ತೊಗಟೆ ಕೆತ್ತಿದರೆ ಕೆಂಪು ಹಾಲು ಬರುತ್ತದೆ. ಹಣ್ಣಿನ ಕಾಲದಲ್ಲಿ ಕಾಯಿ ಬಿರಿದರೆ ಒಳಗೆ ಬೀಜಕ್ಕೆ ಸುತ್ತಿದ ಕೆಂಪು ಪತ್ರೆ. ಅದನ್ನು ತಿನ್ನಲು ಮಂಗಟ್ಟೆ ಹಕ್ಕಿ ಬರುತ್ತದೆ, ಬೀಜವನ್ನು ಬೇರೆಲ್ಲೋ ಉಗುಳುತ್ತದೆ. ಬೀಜ ಬಿದ್ದ ಜಾಗ ಒದ್ದೆ ಇರಬೇಕು, ನೆರಳಿರಬೇಕು. ಒಣಗಿತೋ ಸತ್ತಿತು. ಅಂಗಡಿಯ ಡಬ್ಬದಲ್ಲಿ ಇಟ್ಟು ಮುಂದಿನ ವರ್ಷ ಬಿತ್ತುವ ಬೀಜವೇ ಅಲ್ಲ ಅದು. ಹಾಗಾಗಿ ಈ ಕಾಡು ತಾನಿದ್ದಲ್ಲಿ ಮಾತ್ರ ಇರುತ್ತದೆ. ಒಮ್ಮೆ ಬಿಸಿಲು ಒಳಗೆ ಬಂದರೆ ಮುಗಿಯಿತು. ಕತ್ತಲೆಕಾನಿನ ಇಂಥದ್ದೇ ಜಡ್ಡಿಯಲ್ಲಿ ಗೇರಿನ ಕುಟುಂಬದ ಒಂದು ಮರ ಸಿಕ್ಕಿತು. ಅದು ಹೊಸ ಜಾತಿ ಅಂತ ವಿಜ್ಞಾನಿಗಳು ಬರೆದದ್ದು 2000ನೇ ಇಸವಿಯಲ್ಲಿ. ಕಾನಿನ ಹೆಸರನ್ನೇ ಅದಕ್ಕೆ ಇಟ್ಟರು. ಹೊಸದು ಅನ್ನುವುದು ನಮ್ಮ ಲೆಕ್ಕ. ಮರ ಅಲ್ಲೇ ಇತ್ತು.

ನಾನು ಕಾಲಿಗೆ ಹತ್ತಿದ್ದ ಉಂಬಳಗಳನ್ನು ಬಿಡಿಸುತ್ತಿದ್ದೆ. ಡಿಸೆಂಬರಿನಲ್ಲೂ ಜಡ್ಡಿಯಲ್ಲಿ ಉಂಬಳ ಇರುತ್ತವೆ ಅಂತ ಯಾರೂ ಹೇಳಿರಲಿಲ್ಲ. ಮಾವ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಕೊಟ್ಟ. ಬೆರಳಲ್ಲಿ ಚೂರು ಮುಟ್ಟಿಸಿದರೆ ಸಾಕು, ಸುರುಟಿಕೊಂಡು ಬೀಳುತ್ತವೆ. ಉಳಿದ ಸುಣ್ಣವನ್ನು ಎಲೆಗೆ ಸವರಿ ಮಾವ ಇನ್ನೊಂದು ಕವಳ ಹಾಕಿದ. ಒಂದೇ ಡಬ್ಬಿ, ಎರಡು ಕೆಲಸ.

"ನಮ್ಮ ತೋಟನೂ ಮೊದ್ಲು ಹಿಂಗೇ ಇತ್ತು ಕಾಣ್ತು" ಅಂದ ಮಾವ.

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಸುತ್ತ ನೋಡಿದೆ. ಎರಡು ಗುಡ್ಡದ ಸಂದಿ. ತಗ್ಗು. ವರ್ಷವಿಡೀ ತೇವ. ನೆರಳು. ನಮ್ಮ ಕಡೆಯ ಒಂದೊಂದು ಅಡಿಕೆ ತೋಟವೂ ಇರುವುದು ಇಂಥ ಜಾಗದಲ್ಲೇ ಅಲ್ವಾ? ಅಡಿಕೆಗೆ ಬೇಕಾದದ್ದೂ ಇದೇ. ಭತ್ತದ ಗದ್ದೆಗೆ ಬೇಕಾದದ್ದೂ ಇದೇ. ಯಾವ ಕಾಲದಲ್ಲೋ ಯಾರೋ ಅಜ್ಜ ಬಂದು, ಈ ಮರಗಳನ್ನು ಕಡಿದು, ಕಾದಿಗೆ ತೋಡಿ ನೀರು ಬಸಿದು, ಅಡಿಕೆ ಸಸಿ ನೆಟ್ಟಿರಬೇಕು. ಆ ಅಡಿಕೆಯಿಂದ ಅಮ್ಮನ ಮದುವೆ ಆಯಿತು. ನಾನು ಧಾರವಾಡದಲ್ಲಿ ಓದಿದ್ದಕ್ಕೆ ಹಾಸ್ಟೆಲ್ ಫೀಸನ್ನೂ ಒಂದು ವರ್ಷ ಇದೇ ಮಾವ ಕಟ್ಟಿದ್ದ. ಅಕೇಶಿಯಾ ನೋಡಿ ಮೂಗು ಮುರಿದು ಬಂದ ನಾನು ಇಲ್ಲಿ ಬೈಯಬೇಕಾದವರು ಯಾರು ಅಂತ ಹುಡುಕಿದರೆ ನಮ್ಮ ಮನೆಯ ಪಟಗಳಲ್ಲೇ ಸಿಗುತ್ತಾರೆ. ಚಂದನದ ಹಾರ ಬೇರೆ ಹಾಕಿದ್ದೇವೆ.

ಇದನ್ನು ಮಾವನಿಗೆ ಹೇಳಿದೆ. ಮಾವ ನಕ್ಕ. ಅವನಿಗೆ ಅದು ಅಷ್ಟು ದೊಡ್ಡ ವಿಷಯವಾಗಿ ಕಾಣಲಿಲ್ಲ. ತೋಟ ಮಾಡಿದವರು ಮೇಲಿನ ಕಾನನ್ನು ಮುಟ್ಟಿರಲಿಲ್ಲವಂತೆ. ಮೇಲೆ ಕಾನಿದ್ದರೆ ಕೆಳಗೆ ಅಬ್ಬಿ. ಅದು ಅವರಿಗೆ ಗೊತ್ತಿತ್ತು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಬಚ್ಚಲಿಗೆ, ಕೊಟ್ಟಿಗೆಗೆ ಹಗಲೂ ರಾತ್ರಿ ತಾನಾಗಿ ಬಂದು ಬೀಳುವ ನೀರಿಗೆ ನಾವು ಅಬ್ಬಿ ನೀರು ಅನ್ನುತ್ತೇವೆ. ಪಂಪು ಇಲ್ಲ, ಕರೆಂಟು ಬಿಲ್ಲಿಲ್ಲ. ಮಾವನ ಮನೆಯ ಅಬ್ಬಿ ನಿಂತದ್ದನ್ನು ಅವನ ಅಪ್ಪ ಕಂಡಿರಲಿಲ್ಲ. ಗುಡ್ಡದ ಒಂದು ಮಗ್ಗುಲಿಗೆ ಅಕೇಶಿಯಾ ಬಂತು. ಕೆಲವು ವರ್ಷದ ಮೇಲೆ ಒಂದು ಏಪ್ರಿಲಿನಲ್ಲಿ ಅಬ್ಬಿ ನಿಂತಿತು. ಇಪ್ಪತ್ತಮೂರು ದಿನ. ಮಾವ ದಿನ ಎಣಿಸಿದ್ದ. ಆಮೇಲೆ ದಬ್ಬೆ ಹೋಗಿ ಪೈಪು ಬಂತು, ನೀರಿನ ಭಯ ಮಾತ್ರ ಹೋಗಲಿಲ್ಲ.

1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತಾಗ ಮಾವನಿಗೆ ಮೂವತ್ತೆರಡು. ಅಪ್ಪಿಕೋ ಚಳವಳಿಯ ಪಾದಯಾತ್ರೆಯೊಂದು ಈ ಕಡೆ ಬಂದಾಗ ತಾನೂ ಎರಡು ದಿನ ಹೋಗಿದ್ದೆ ಅಂದ. ಎಷ್ಟೋ ಸಲ ಇವನ ಮನೆಯಲ್ಲಿ ಉಂಡಿದ್ದೇನೆ, ಇದನ್ನು ಕೇಳಿರಲೇ ಇಲ್ಲ. ಯಾಕೆ ಹೇಳಿಲ್ಲ ಅಂದರೆ, "ನೀ ಕೇಳಿದ್ದಿಲ್ಲೆ" ಅಂದ. ಎರಡು ದಿನವೂ ಊಟ ಚೊಲೋ ಇತ್ತಂತೆ.

ಜಡ್ಡಿಯ ಸದ್ದಿನ ಬಗ್ಗೆ ಒಂದು ಮಾತು ಹೇಳಬೇಕು. ಸದ್ದು ಇರಲಿಲ್ಲ. ಜೀರುಂಡೆ ಕೂಗಿ ನಿಂತ ಮೇಲೆ ಕಿವಿಗೊಟ್ಟು ಕೇಳಿದೆ. ಇಷ್ಟು ನೀರು, ಕಾಲಡಿಯಲ್ಲೆಲ್ಲ ನೀರು, ಒಂದು ಹನಿಯ ಸದ್ದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದ ಮಳೆಯನ್ನು ಮೊದಲು ಮೇಲಿನ ಎಲೆಗಳು ಹಿಡಿದಿವೆ, ಆಮೇಲೆ ದರಕು, ಆಮೇಲೆ ಬೇರು, ಆಮೇಲೆ ಮಣ್ಣು. ಈಗ ಒಂದಿಷ್ಟು ಒಂದಿಷ್ಟಾಗಿ ಬಿಡುತ್ತಿವೆ. ಕೂತಲ್ಲಿಂದ ನಾಲ್ಕು ಮಾರು ಕೆಳಗೆ, ಎರಡು ಕಲ್ಲಿನ ನಡುವೆ, ಕಿರುಬೆರಳಿನಷ್ಟು ದಪ್ಪ ಒಂದು ಧಾರೆ ಶುರುವಾಗಿತ್ತು. ಅದನ್ನು ಹಿಡಿದುಕೊಂಡೇ ನಾವು ಕೆಳಗಿಳಿದೆವು. ಇನ್ನೊಂದು ಬಂದು ಸೇರಿತು. ಮತ್ತೊಂದು. ಕಾಲು ಗಂಟೆಯಲ್ಲಿ ಕಲ್ಲಿಂದ ಕಲ್ಲಿಗೆ ಹಾರಿ ದಾಟುವಷ್ಟು ಹಳ್ಳ ಆಯಿತು. ಅರ್ಧ ಗಂಟೆಯಲ್ಲಿ ಹಾರಲು ಆಗದ ಹಳ್ಳ ಆಯಿತು. ಹಳ್ಳದ ಪಕ್ಕ ಅಪ್ಪೆಮಿಡಿಯ ಒಂದು ಮುದಿ ಮರ. ಈ ಹೊಳೆಯ ದಂಡೆಯ ಅಪ್ಪೆಗೆ ಇರುವ ಪರಿಮಳ ಬೇರೆ ಕಡೆಯದಕ್ಕಿಲ್ಲ ಅನ್ನುವುದು ನಮ್ಮವರ ಜಂಬ. ನನ್ನದೂ ಅದೇ ಅಭಿಪ್ರಾಯ.

ಆಗ ಸದ್ದು ಬಂತು. ಮೊದಲು ಕಿವಿಗಲ್ಲ, ಎದೆಗೆ. ದೂರದಲ್ಲಿ ರೈಲು ಬರುವಾಗ ಪ್ಲಾಟ್‌ಫಾರ್ಮಿಗೆ ಗೊತ್ತಾಗುತ್ತದಲ್ಲ, ಹಾಗೆ.

ನೋಡುವ ಜಾಗಕ್ಕೆ ಬಂದಾಗ ಹನ್ನೊಂದೂವರೆ. ರಸ್ತೆಯಲ್ಲಿ ಬಂದವರು ಹದಿನೈದಿಪ್ಪತ್ತು ಜನ ಇದ್ದರು. ಇಸ್ತ್ರಿ ಮಾಸದ ಅಂಗಿ, ಸೆಲ್ಫಿ, ಕುರ್‌ಕುರೆ. ನನ್ನ ಒಂದು ಕಾಲು ಮೊಣಕಾಲವರೆಗೆ ಕಪ್ಪು. ಒಬ್ಬ ಹುಡುಗಿ ನನ್ನನ್ನು ನೋಡಿ ಅವಳ ಅಮ್ಮನ ಹಿಂದೆ ಸರಿದಳು. ಪರವಾಗಿಲ್ಲ.

ಮಂಜು ಇರಲಿಲ್ಲ. ಜೋಗ ಮುಖ ತೋರಿಸಿತು.

ಏನು ಹೇಳಲಿ. ಹಸಿರು ಕಣಿವೆಯ ತಲೆಯಲ್ಲಿ ಅಘನಾಶಿನಿ ಹೊಳೆ ಇದ್ದಕ್ಕಿದ್ದ ಹಾಗೆ ಮುಗಿದುಹೋಗುತ್ತದೆ. ಅಲ್ಲಿಂದ 116 ಮೀಟರ್ ಕೆಳಕ್ಕೆ. ಮೇಲೆ ಇಕ್ಕಟ್ಟು, ಕೆಳಗೆ ಬರಬರುತ್ತಾ ಬಂಡೆಗೆ ಬಡಿದು ಅಗಲ. ಮೇಲಿನ ಅಂಚಿನಲ್ಲಿ ಒಂದು ಬಿಳಿ ಮುದ್ದೆಯನ್ನು ಕಣ್ಣಲ್ಲೇ ಹಿಡಿದು ಅದರ ಜೊತೆ ಕೆಳಗಿಳಿದು ನೋಡಿದೆ. ಒಂದು, ಎರಡು, ಮೂರು, ನಾಲ್ಕು, ಐದು. ಆರು ಅನ್ನುವಷ್ಟರಲ್ಲಿ ಅದು ಹೊಗೆಯಾಗಿತ್ತು. ಮತ್ತೆ ಮೇಲಿಂದ ಇನ್ನೊಂದು. ಬೀಳುವಾಗ ನೀರು ನೀರಿನ ಹಾಗೆ ಕಾಣುವುದಿಲ್ಲ, ಅರಳೆ ಹಿಂಜಿ ಎಸೆದ ಹಾಗೆ ಕಾಣುತ್ತದೆ, ಮತ್ತೆ ನಿಧಾನ ಕಾಣುತ್ತದೆ. ಅಷ್ಟು ನಿಧಾನವಾಗಿ ಬೀಳುವುದು ಅಷ್ಟು ಸದ್ದು ಮಾಡುವುದು ಹೇಗೆ ಅಂತ ಎಷ್ಟು ನೋಡಿದರೂ ಕಣ್ಣಿಗೂ ಕಿವಿಗೂ ಹೊಂದಾಣಿಕೆ ಆಗಲಿಲ್ಲ.

ಇದನ್ನು 1845ರಲ್ಲಿ ಲಷಿಂಗ್ಟನ್ ಅನ್ನುವ ಬ್ರಿಟಿಷ್ ಕಲೆಕ್ಟರ್ ಕಂಡುಹಿಡಿದನಂತೆ, ಹಾಗಾಗಿ ಲಷಿಂಗ್ಟನ್ ಫಾಲ್ಸ್ ಅನ್ನುವ ಹೆಸರೂ ಇದೆ. ಇಷ್ಟು ಸದ್ದು ಮಾಡುವುದನ್ನು ಕಂಡುಹಿಡಿಯಲು ಕಲೆಕ್ಟರೇ ಬೇಕಾಯಿತು. ಹೆಗ್ಗರಣಿಯವರು ಅಷ್ಟು ವರ್ಷ ಏನೋ ಗುಡುಗು ಅಂತ ಸುಮ್ಮನಿದ್ದರೋ ಏನೋ.

ಪಕ್ಕದಲ್ಲಿ ನಿಂತಿದ್ದ ದಾವಣಗೆರೆ ಕಡೆಯ ಒಬ್ಬರು, "ಜೋಗಕ್ಕಿಂತ ಸಣ್ಣದು ಅಲ್ರೀ?" ಅಂತ ಕೂಗಿ ಕೇಳಿದರು. ಹೌದು, ಸಣ್ಣದು. ಶರಾವತಿಯ ಆ ದೊಡ್ಡ ಜೋಗ 253 ಮೀಟರ್. ಆದರೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗದ ನೀರು ಮಳೆ ಮತ್ತು ಗೇಟು ಎರಡನ್ನೂ ಕೇಳಿ ಬೀಳಬೇಕು. ಆ ಕರೆಂಟಿನಲ್ಲೇ ನಮ್ಮ ಮನೆಯ ದೀಪ ಉರಿದದ್ದು, ಗೊತ್ತು. ಅಘನಾಶಿನಿಗೆ ಮಾತ್ರ ಶಿರಸಿಯಿಂದ ತದಡಿಯ ಸಮುದ್ರದವರೆಗೆ ಎಲ್ಲೂ ದೊಡ್ಡ ಅಣೆಕಟ್ಟಿಲ್ಲ. ಇಲ್ಲಿ ಬೀಳುವ ನೀರಿಗೆ ಯಾರ ಆರ್ಡರೂ ಬೇಕಿಲ್ಲ. ಇದೇ ನೀರು ಕುಮಟಾದ ಹತ್ತಿರ ಉಪ್ಪು ನೀರಿಗೆ ಸೇರುವಲ್ಲಿ ಗಜನಿ ಅನ್ನುವ ಹಿನ್ನೀರ ಗದ್ದೆಗಳಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತದೆ, ಹೆಂಗಸರು ಸೊಂಟದ ಮಟ್ಟ ನೀರಲ್ಲಿ ನಿಂತು ಬಳಚು (ಚಿಪ್ಪಿನ ಮಾಂಸ) ಆರಿಸುತ್ತಾರೆ. ಆ ಅಳಿವೆಗೆ 2024ರ ಜನವರಿಯಲ್ಲಿ, ಪ್ರಪಂಚದ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೂ ಈ ಹೊಳೆಯ ನೀರನ್ನು ಬೇರೆ ಕಡೆ ತಿರುಗಿಸುವ ಮಾತು ಪೇಪರಿನಲ್ಲಿ ಬಂದಾಗಲೆಲ್ಲ ನಮ್ಮ ಕಡೆ ಸಭೆಗಳಾಗುತ್ತವೆ. ಸಮುದ್ರಕ್ಕೆ ಸೇರಿ ವ್ಯರ್ಥವಾಗುವ ನೀರು ಅಂತ ಬರೆಯುತ್ತಾರೆ. ಬಳಚು ಆರಿಸುವವರನ್ನು ಕೇಳಿದ ಹಾಗಿಲ್ಲ.

ಇಷ್ಟೆಲ್ಲ ಆ ದಾವಣಗೆರೆಯವರಿಗೆ ಹೇಳಲು ಹೋಗಿದ್ದರೆ ಗಂಟಲು ಹೋಗುತ್ತಿತ್ತು. "ಹೌದ್ರೀ, ಸಣ್ಣದು" ಅಂತ ಕೂಗಿದೆ.

ಮಾವ ಕಂಬಿಯ ಹತ್ತಿರ ಬರಲೇ ಇಲ್ಲ. ಹಿಂದೆ ಒಂದು ಕಲ್ಲಿನ ಮೇಲೆ ಕೂತು, ಬಾಳೆಲೆಯಲ್ಲಿ ಕಟ್ಟಿದ್ದ ಅವಲಕ್ಕಿ ಬಿಚ್ಚುತ್ತಿದ್ದ. ನೋಡುವುದಿಲ್ಲವಾ ಅಂತ ಕೈಸನ್ನೆ ಮಾಡಿದೆ. ನೋಡಿ ಆಗಿದೆ ಅಂತ ಕೈಸನ್ನೆ ಮಾಡಿದ.

ವಾಪಸ್ ನಡೆಯಲಿಲ್ಲ. ಮಾವನ ಮಂಡಿ, ನನ್ನ ಶೂ, ಎರಡೂ ಬೇಡ ಅಂದವು. ಊರಿನ ಒಬ್ಬರ ಜೀಪು ಸಿಕ್ಕಿತು. ಏಳು ಕಿಲೋಮೀಟರ್ ಕಾಡು ಇಪ್ಪತ್ತು ನಿಮಿಷದ ರಸ್ತೆಯಾಗಿ ಮುಗಿದುಹೋಯಿತು. ಮನೆಯ ದಣಪೆಯ ಹತ್ತಿರ ಕಾಳ ಕಾಯುತ್ತಿತ್ತು.

ಕಾಲು ತೊಳೆಯಲು ಬಚ್ಚಲ ಹಿಂದಕ್ಕೆ ಹೋದೆ. ಅಲ್ಲಿ ಅಬ್ಬಿ. ಪೈಪಿನ ಬಾಯಿಂದ ಕಲ್ಲುಚಪ್ಪಡಿ ಮೇಲೆ ನೀರು ಬೀಳುತ್ತಿತ್ತು, ಎರಡಡಿ ಎತ್ತರದಿಂದ. ಕಾಲನ್ನು ಕೆಳಗಿಟ್ಟೆ. ಕೆಸರು ಬಿಡಲು ಬಹಳ ಹೊತ್ತು ಬೇಕಾಯಿತು. ಅಷ್ಟರಲ್ಲಿ ಮಾವ ಒಂದು ನೆಗ್ಗಿದ ತಾಮ್ರದ ಕೊಡ ಹಿಡಿದುಕೊಂಡು ಬಂದ. "ಸರಿಯೇ ಸ್ವಲ್ಪ. ಇವತ್ತು ಒಂದನೇ ತಾರೀಕು."

ಕೊಡವನ್ನು ಪೈಪಿನ ಕೆಳಗಿಟ್ಟ. ಕಿವಿಯ ಹಿಂದೆ ಪೆನ್ಸಿಲ್ ಇತ್ತು. ಕ್ಯಾಲೆಂಡರಿನ ಸಂಖ್ಯೆಗಳು ಆಗ ಅರ್ಥವಾದವು. ಹಾಲಿನ ಲೆಕ್ಕವಲ್ಲ. ಕೊಡ ತುಂಬಲು ಎಷ್ಟು ಎಣಿಕೆ ಹಿಡಿಯುತ್ತದೆ ಅನ್ನುವುದು. ಆಗಸ್ಟಿನಲ್ಲಿ ಐದು. ಮೇನಲ್ಲಿ ಎಂಬತ್ತು. ಅಬ್ಬಿ ನಿಂತ ವರ್ಷದಿಂದ ಇದೇ ಕೊಡ, ಇದೇ ಕಲ್ಲು.

ನಾನು ಎಣಿಸುತ್ತೇನೆ ಅಂದೆ. ಎಣಿಸಿದೆ. ಕೊಡದ ಕಂಠಕ್ಕೆ ನೀರು ಬಂದು ಹೊರಗೆ ಚೆಲ್ಲಿದಾಗ ಹದಿನೇಳು.

"ಹದಿನೇಳಾ?" ಮಾವ ಒಳಗೆ ಹೋದ. ಹಳೇ ಕ್ಯಾಲೆಂಡರ್ ತಿರುವುವ ಸದ್ದು ಕೇಳಿತು. ಹೊರಗೆ ಬಂದು, "ಹೋದ ವರ್ಷ ಈ ದಿನ ಹದಿನಾಕು ಇತ್ತು" ಅಂದ. ಸ್ವಲ್ಪ ಹೊತ್ತು ಪೈಪಿನ ಬಾಯನ್ನೇ ನೋಡಿದ.

"ನೀ ಗಡಿಬಿಡಿ ಮಾಡಿ ಎಣಿಸಿದ್ದೆ ತಂಗಿ."

ಕೊಡವನ್ನು ಎತ್ತಿ ನೀರನ್ನು ಬಾಳೆ ಬುಡಕ್ಕೆ ಚೆಲ್ಲಿದ. ಮತ್ತೆ ಕಲ್ಲಿನ ಮೇಲಿಟ್ಟು, ಸೊಂಟಕ್ಕೆ ಕೈ ಕೊಟ್ಟು, ನಿಧಾನವಾಗಿ ಶುರು ಮಾಡಿದ. ಒಂದು. ಎರಡು. ಮೂರು.